ಕಾಡಿನ ನಡುವೆ ಅರಮನೆ, ಅಲ್ಲಿಗೆ ಬಾಡಿಗೆ ಸೈಕಲ್: ಫ್ರಾನ್ಸ್‌ನ ಲ್ವಾರ್ ದಾರಿ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಫ್ರಾನ್ಸ್‌ನಲ್ಲಿ ಲ್ವಾರ್ ನದಿಯ ದಂಡೆಯಲ್ಲಿ ಬಾಡಿಗೆ ಸೈಕಲ್ ಹೊಡೆದದ್ದಕ್ಕೆ ಹಾಕಿದ ದುಡ್ಡು ದಂಡ ಆಗಲಿಲ್ಲ. ಆದರೆ ಅದಕ್ಕೆ ಟ್ರಾವೆಲ್ ಕಂಪನಿಯವರು ಮಾರುವ ದೊಡ್ಡ ಪ್ಯಾಕೇಜು ಖಂಡಿತ ಬೇಕಾಗಿಲ್ಲ. ಒಂದು ರೈಲು ಟಿಕೆಟ್, ಒಂದು ಬಾಡಿಗೆ ಸೈಕಲ್, ಒಂದು ರೈನ್‌ಕೋಟ್ ಇದ್ದರೆ ಆಯಿತು. ಉಳಿದದ್ದನ್ನೆಲ್ಲ ದಾರಿಬದಿಯ ಬೋರ್ಡುಗಳೇ ನೋಡಿಕೊಳ್ಳುತ್ತವೆ.

ಇಷ್ಟುದ್ದ ಬರೆಯುವುದಕ್ಕೆ ಕಾರಣ ಇದೆ. ಉಡುಪಿ ಮಣಿಪಾಲದ ಕಡೆ ಈಗ ಎರಡು ಮನೆಗೊಂದರಲ್ಲಿ ಮಗನೋ ಮಗಳೋ ಯುರೋಪಿನಲ್ಲಿದ್ದಾರೆ. ಅಪ್ಪ ಅಮ್ಮ ನೋಡಲು ಹೋಗುತ್ತಾರೆ, ಐಫೆಲ್ ಟವರ್ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಫ್ಲ್ಯಾಟಿನೊಳಗೆ ಕೂತು ಬೇಜಾರು ಮಾಡಿಕೊಳ್ಳುತ್ತಾರೆ. ನಮ್ಮ ಮಗಳು ಪ್ಯಾರಿಸ್‌ನಲ್ಲಿರುವುದು. ಅವಳು ಆಫೀಸಿಗೆ ಹೋದ ಮೇಲೆ ನಮಗೆ ಮಾಡಲು ಏನೂ ಇರಲಿಲ್ಲ. ನನಗೆ ಶಾಲೆಯಿಂದ ನಿವೃತ್ತಿಯಾಗಿದೆ, ನಮ್ಮನೆಯವರಿಗೆ ಬ್ಯಾಂಕಿನಿಂದ. ಹಾಗಾಗಿ ಸೈಕಲ್. ಈಗ ಮಣಿಪಾಲದ ಎಂಡ್ ಪಾಯಿಂಟ್ ಪಾರ್ಕಿಗೆ ಸಂಜೆ ವಾಕಿಂಗ್ ಬರುವವರೆಲ್ಲ ಅದೇ ಕೇಳುವುದು: ಅಷ್ಟು ದೂರ ಹೋಗಿ ಸೈಕಲ್ ಹೊಡೆಯುವುದಾ, ಈ ಪ್ರಾಯದಲ್ಲಿ ಆಗುತ್ತದಾ, ಎಷ್ಟು ಖರ್ಚು. ಒಬ್ಬೊಬ್ಬರಿಗೂ ನಿಂತು ಹೇಳುವ ಬದಲು ಒಟ್ಟಿಗೇ ಬರೆದಿದ್ದೇನೆ.

ಆ ದಾರಿಯ ಹೆಸರು 'ಲ್ವಾರ್ ಆ ವೇಲೋ'. ನದಿಯ ಜೊತೆಗೇ ಅಟ್ಲಾಂಟಿಕ್ ಸಮುದ್ರದವರೆಗೆ ಹೋಗುತ್ತದೆ, ಸುಮಾರು 900 ಕಿ.ಮೀ. ಅದರ ಬಹುಪಾಲು ಯುರೋವೇಲೋ 6 ಎನ್ನುವ ಇನ್ನೂ ದೊಡ್ಡ ದಾರಿಯ ತುಂಡು. ಆ ದಾರಿ ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಇದೆಯಂತೆ. ಅಷ್ಟೆಲ್ಲ ನಮಗೆ ಯಾಕೆ? ನಾವು ಆರಿಸಿಕೊಂಡದ್ದು ಬ್ಲ್ವಾ ಎನ್ನುವ ಊರಿನ ಸುತ್ತಮುತ್ತಲಿನ ಭಾಗ ಮಾತ್ರ. ಪ್ಯಾರಿಸ್‌ನ ಔಸ್ಟರ್‌ಲಿಟ್ಜ್ ಸ್ಟೇಷನ್ನಿನಿಂದ ರೈಲಿನಲ್ಲಿ ಎರಡು ಗಂಟೆಯೊಳಗೆ ಅಲ್ಲಿಗೆ ಬರಬಹುದು. ಅಲ್ಲಿಂದ ಒಂದೇ ಸುತ್ತಿನಲ್ಲಿ ನದಿ, ಕಾಡು, ಶಾಂಬೋರ್ ಮತ್ತು ಶವೆರ್ನಿ ಎನ್ನುವ ಎರಡು ಅರಮನೆ ಸಿಗುತ್ತವೆ. ಎಲ್ಲ ಸೇರಿ ಸುಮಾರು 55 ಕಿ.ಮೀ. ಮಧ್ಯೆ ಎಲ್ಲಾದರೂ ಒಂದು ರಾತ್ರಿ ಉಳಿದರೆ ನಮ್ಮಂಥವರಿಗೆ ಸಲೀಸು.

ತಯಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಲ್ಪೆ ಸೇತುವೆ ದಾಟಿ ಪಡುಕರೆಯ ಸಮುದ್ರದ ಬದಿ ರಸ್ತೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಹೊಡೆದು ಅಭ್ಯಾಸ ಮಾಡಿದೆವು. ಸಪಾಟು ರಸ್ತೆ, ಮೀನಿನ ಲಾರಿ ಬಿಟ್ಟರೆ ತೊಂದರೆ ಇಲ್ಲ. ಲ್ವಾರ್ ದಂಡೆಯೂ ಹೆಚ್ಚು ಕಡಿಮೆ ಅಷ್ಟೇ ಸಪಾಟು. ಪಡುಕರೆಯಿಂದ ಕಾಪು ದೀಪಸ್ತಂಭದ ತನಕ ಹೋಗಿ ವಾಪಸ್ ಬರುವಷ್ಟು ತಾಕತ್ತಿದ್ದರೆ ಅಲ್ಲಿ ಧೈರ್ಯವಾಗಿ ಹೋಗಬಹುದು.

ಇನ್ನು ಬಾಡಿಗೆ ಅಂಗಡಿ. ಬ್ಲ್ವಾದಲ್ಲಿ ಸೈಕಲ್ ಬಾಡಿಗೆಗೆ ಕೊಡುವವರು ಒಬ್ಬರಿಗಿಂತ ಜಾಸ್ತಿ ಇದ್ದಾರೆ. ನಾವು ಹೋದವರ ಹೆಸರು ಬೇಡ, ಯಾಕೆಂದರೆ ಕೆಳಗೆ ಸ್ವಲ್ಪ ಬೈಯುವುದಿದೆ. ನಾನು ತೆಗೆದುಕೊಂಡದ್ದು ಗೇರ್ ಇರುವ ಸಾದಾ ಸೈಕಲ್, ದಿನಕ್ಕೆ 20 ಯೂರೋ ಆಸುಪಾಸು. ನಮ್ಮನೆಯವರಿಗೆ ಮೊಣಕಾಲು ನೋವು. ಹಾಗಾಗಿ ಬ್ಯಾಟರಿ ಸೈಕಲ್, ಅದಕ್ಕೆ ಹೆಚ್ಚು ಕಡಿಮೆ ಎರಡರಷ್ಟು. ಅಲ್ಲಿನ ಬ್ಯಾಟರಿ ಸೈಕಲ್ ನಾವು ಅಂದುಕೊಂಡ ಹಾಗೆ ಸ್ಕೂಟರ್ ಥರ ಅಲ್ಲ. ಪೆಡಲ್ ತುಳಿದರೆ ಮಾತ್ರ ಮೋಟರು ಸಹಾಯ ಮಾಡುತ್ತದೆ. ಗಂಟೆಗೆ 25 ಕಿ.ಮೀ. ದಾಟಿದ ಕೂಡಲೇ ಸಹಾಯ ನಿಲ್ಲುತ್ತದೆ, ಯುರೋಪಿನ ಕಾನೂನೇ ಹಾಗೆ. "ಯಾರೋ ಹಿಂದಿನಿಂದ ದೂಡಿದ ಹಾಗೆ ಆಗುತ್ತದೆ ಮಾರಾಯ್ತಿ" ಎಂದು ಅವರು ಮೊದಲ ತಿರುವಿನಲ್ಲೇ ಖುಷಿಪಟ್ಟರು. ಮೊಣಕಾಲು ಸಂಜೆಯವರೆಗೂ ತಕರಾರು ಮಾಡಲಿಲ್ಲ. ಅರುವತ್ತರ ಹತ್ತಿರ ಬಂದವರು ಇದರಲ್ಲಿ ಮಾತ್ರ ದುಡ್ಡಿನ ಮುಖ ನೋಡಬೇಡಿ.

ಅಂಗಡಿಯ ಹುಡುಗಿ ಒಳ್ಳೆಯವಳು. ನನ್ನನ್ನು ಸೈಕಲ್ ಮೇಲೆ ಕೂರಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲೆ ಇಡಿಸಿ, ಕಾಲು ನೇರ ಆಗುವ ತನಕ ಸೀಟು ಏರಿಸಿದಳು. ಎರಡು ಬ್ರೇಕನ್ನೂ ಹಿಡಿದು ನೋಡಿದಳು. ಬೀಗ, ಪಂಪು, ಪಂಕ್ಚರ್ ಸಾಮಾನು, ಹಿಂದುಗಡೆ ನೇತು ಹಾಕುವ ಚೀಲ ಎಲ್ಲ ಬಾಡಿಗೆಯಲ್ಲೇ ಸೇರಿತ್ತು. ಹೆಲ್ಮೆಟ್ ಕೇಳಿದರೆ ಕೊಡುತ್ತಾರೆ. ಅಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಅದು ಕಡ್ಡಾಯ. ನಾವು ಹಾಕಿಕೊಂಡೆವು.

ಬೈಗುಳ ಎರಡು. ಒಂದು, ಸೀಟು. ಅಂಥ ಗಟ್ಟಿ ಸೀಟನ್ನು ಯಾವ ಪುಣ್ಯಾತ್ಮ ಮಾಡಿದನೋ! ಚೂಡಿದಾರದ ಒಳಗೆ ಸ್ಪಂಜು ಇರುವ ಸೈಕಲ್ ಚಡ್ಡಿ ಹಾಕಿಕೊಂಡಿದ್ದಕ್ಕೆ ಬಚಾವ್. ಅದನ್ನು ಊರಿನಿಂದಲೇ ತೆಗೆದುಕೊಂಡು ಹೋಗಿ. ಎರಡು, ಡಿಪಾಸಿಟ್. ಕಾರ್ಡಿನಲ್ಲಿ ದೊಡ್ಡ ಮೊತ್ತ ಹಿಡಿದಿಟ್ಟರು. ಸೈಕಲ್ ವಾಪಸ್ ಕೊಟ್ಟ ದಿನವೇ ಬಿಡುತ್ತೇವೆ ಎಂದವರು ಬಿಡಲಿಲ್ಲ. ಮಗಳು ಎರಡು ಸಲ ಮೇಲ್ ಹಾಕಬೇಕಾಯಿತು. ಕೊನೆಗೆ ಪೂರ್ತಿ ಬಂತು, ಒಂದು ಪೈಸೆ ಹಿಡಿಯಲಿಲ್ಲ. ಆದರೆ ಅಲ್ಲಿಯವರೆಗೆ ಬ್ಯಾಂಕಿನಲ್ಲಿದ್ದ ನಮ್ಮನೆಯವರಿಗೆ ನಿದ್ದೆ ಇರಲಿಲ್ಲ. ಆ ಕಾರ್ಡಿನಲ್ಲಿ ಸಾಕಷ್ಟು ಲಿಮಿಟ್ ಇಟ್ಟುಕೊಂಡೇ ಹೊರಡಿ.

ಈಗ ದಾರಿ. ಬ್ಲ್ವಾದ ಹಳೇ ಕಲ್ಲಿನ ಸೇತುವೆ 18ನೇ ಶತಮಾನದ್ದು. ಅದನ್ನು ದಾಟಿ ಎಡಕ್ಕೆ ತಿರುಗಿದರೆ ನದಿಯ ದಂಡೆ. ಅಲ್ಲಿ ವಾಹನ ಬಲಗಡೆ ಹೋಗುವುದು, ಅದನ್ನು ತಲೆಯಲ್ಲಿ ಇಟ್ಟುಕೊಂಡರೆ ಊರು ದಾಟುವುದು ಕಷ್ಟ ಅಲ್ಲ. ಕಾರಿನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಊರೊಳಗೆ ಸೈಕಲಿನಿಂದ ಒಂದು ಮೀಟರ್, ಊರ ಹೊರಗೆ ಒಂದೂವರೆ ಮೀಟರ್ ದೂರ ಬಿಟ್ಟು ಓವರ್‌ಟೇಕ್ ಮಾಡಬೇಕು ಅಂತ ಅಲ್ಲಿ ಕಾನೂನಿದೆ. ಬಿಡಲು ಜಾಗ ಇಲ್ಲದಿದ್ದರೆ ಹಿಂದೆಯೇ ಬರುತ್ತಾರೆ. ಹಾರ್ನ್ ಇಲ್ಲ! ನಮ್ಮೂರಿನ 66ನೇ ಹೆದ್ದಾರಿಯಲ್ಲಿ ಬಸ್ಸಿನ ಹಾರ್ನಿಗೆ ಮಣ್ಣಿಗೆ ಇಳಿದು ಅಭ್ಯಾಸ ಆದ ನಾವು ಮೊದಲರ್ಧ ಗಂಟೆ ಹಿಂದೆ ತಿರುಗಿ ತಿರುಗಿ ನೋಡಿದ್ದೇ ಬಂತು.

ಬೋರ್ಡು ಹೇಗಿದೆ ಎಂದು ಹೇಳುತ್ತೇನೆ, ಯಾಕೆಂದರೆ ನನ್ನ ಪ್ರಕಾರ ದುಡ್ಡು ವಸೂಲಾಗುವುದು ಅದರಲ್ಲೇ. ಬಿಳಿ ಹಲಗೆ, ಹಸಿರು ಅಕ್ಷರ, ಒಂದು ಪುಟ್ಟ ಹಸಿರು ಸೈಕಲ್ ಚಿತ್ರ. ಮುಂದಿನ ಊರಿನ ಹೆಸರು, ಪಕ್ಕದಲ್ಲಿ ಎಷ್ಟು ಕಿಲೋಮೀಟರ್ ಎಂದು. ಹಲಗೆ ಸೈಕಲ್ ಮೇಲೆ ಕೂತವರ ಕಣ್ಣಿಗೆ ಬೀಳುವ ಎತ್ತರದಲ್ಲೇ ಇದೆ. ಕವಲು ಬರುವ ಮೊದಲು ಒಂದು, ಕವಲಿನಲ್ಲಿ ಒಂದು, ಕವಲು ದಾಟಿದ ಮೇಲೆ ನೀವು ಸರಿ ದಾರಿಯಲ್ಲೇ ಇದ್ದೀರಿ ಅನ್ನುವುದಕ್ಕೆ ಇನ್ನೊಂದು. ಈ ಮೂರನೆಯದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ. ಮೊಬೈಲ್ ನಕ್ಷೆಯನ್ನು ನಾವು ಹೊರಗೆ ತೆಗೆದದ್ದೇ ಕಡಿಮೆ. ನನಗೆ ಫ್ರೆಂಚ್ ಬರುವುದಿಲ್ಲ, ಬೇಕಾಗಲೂ ಇಲ್ಲ.

ನದಿ ಅಗಲ, ನೀರು ತೆಳು. ಮಧ್ಯೆ ಮರಳಿನ ದಿಬ್ಬಗಳು, ಅದರ ಮೇಲೆ ಹಕ್ಕಿಗಳು. ಸ್ಯಾಂ ದಿಯೆ ಎನ್ನುವ ಸಣ್ಣ ಊರಿನಲ್ಲಿ ಒಂದು ಹಳೇ ಧಕ್ಕೆ ಇದೆ. ಶಾಂಬೋರ್ ಅರಮನೆ ಕಟ್ಟುವಾಗ ಕಲ್ಲುಗಳನ್ನು ದೋಣಿಯಲ್ಲಿ ತಂದು ಇಳಿಸಿದ್ದು ಇಲ್ಲೇ. ಇಲ್ಲಿಂದ ಎತ್ತಿನ ಗಾಡಿಯಲ್ಲೋ ಕುದುರೆ ಗಾಡಿಯಲ್ಲೋ ಅರಮನೆಗೆ ಸಾಗಿಸಿರಬೇಕು. ಧಕ್ಕೆಯ ಕಲ್ಲಿನ ಇಳಿಜಾರಿನಲ್ಲಿ ಕೂತು ನಾವು ಅವಲಕ್ಕಿ ತಿಂದೆವು. ಅದೇ ಹೊತ್ತಿಗೆ ನಮ್ಮನೆಯವರು ಲೆಕ್ಕ ಹಾಕಿದರು. ಶಾಂಬೋರ್ ಕೆಲಸ ಶುರುವಾದದ್ದು 1519ರಲ್ಲಿ. ಆಗ ವಿಜಯನಗರದಲ್ಲಿ ಕೃಷ್ಣದೇವರಾಯನ ಆಳ್ವಿಕೆ, ಇತ್ತ ಬಾರ್ಕೂರಿನಲ್ಲಿ ಅವನ ಅಧಿಕಾರಿ ಕೂತು ಈ ಕರಾವಳಿಯನ್ನು ನೋಡಿಕೊಳ್ಳುತ್ತಿದ್ದ ಕಾಲ. ಬಾರ್ಕೂರಿನ ಕತ್ತಲೆ ಬಸದಿಯ ಹತ್ತಿರ ಈಗ ಹೋದರೆ ಹುಲ್ಲು, ಕಲ್ಲು, ಒಂದಿಷ್ಟು ದನ. ಇಲ್ಲಿ ಕಲ್ಲು ಇಳಿಸಿದ ಧಕ್ಕೆಗೂ ಒಂದು ವಿವರದ ಫಲಕ.

ಸ್ಯಾಂ ದಿಯೆಯಿಂದ ಸ್ವಲ್ಪ ದೂರ ಹೋದರೆ ಉದ್ದದ ಕಲ್ಲಿನ ಗೋಡೆ ಎದುರಾಗುತ್ತದೆ. ಶಾಂಬೋರ್ ಕಾಡಿನ ಸುತ್ತ ಕಟ್ಟಿದ ಗೋಡೆ ಅದು, 32 ಕಿ.ಮೀ. ಉಡುಪಿಯಿಂದ ಹೆಬ್ರಿಗೆ ಹೋದಷ್ಟು ಉದ್ದ! ಒಳಗೆ 5,440 ಹೆಕ್ಟೇರ್ ಕಾಡು. ರಾಜರು ಬೇಟೆಗೆ ಇಟ್ಟುಕೊಂಡದ್ದು, ಈಗ ಸರ್ಕಾರದ್ದು. ಎಲ್ಲ ಕಡೆ ಬಿಡುವುದಿಲ್ಲ. ಸುಮಾರು 1,000 ಹೆಕ್ಟೇರ್ ಮಾತ್ರ ಜನರಿಗೆ, ಉಳಿದದ್ದು ಜಿಂಕೆ, ಕಾಡುಹಂದಿಗಳಿಗೆ. ಬಾಗಿಲು ದಾಟಿದ ಕೂಡಲೇ ಗಾಳಿಯೇ ಬೇರೆ. ಓಕ್, ಪೈನ್ ಮರಗಳು, ಅಡಿಯಲ್ಲಿ ನಮ್ಮ ಕಾಡಿನ ಹಾಗೆ ಬಳ್ಳಿ, ಪೊದೆ, ಬೆತ್ತದ ಮುಳ್ಳು ಒತ್ತಾಗಿಲ್ಲ. ಮರದ ಬುಡದಿಂದ ಬುಡಕ್ಕೆ ದೂರದವರೆಗೆ ಕಣ್ಣು ಹೋಗುತ್ತದೆ. ಸೋಮೇಶ್ವರದ ಕಾಡಿನಲ್ಲಿ ಹತ್ತಡಿ ಆಚೆ ಏನಿದೆ ಎಂದು ಗೊತ್ತಾಗುವುದಿಲ್ಲ ಅಲ್ವಾ. ಇಲ್ಲಿ ಹಾಗಲ್ಲ. ಸ್ವಲ್ಪ ಸಪ್ಪೆ ಅಂತಲೂ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಉಂಬಳ ಇಲ್ಲ. ಆದರೆ ಉಣ್ಣಿ ಇದೆ. ಹುಲ್ಲಿನಲ್ಲಿ ಕೂತರೆ ಹತ್ತುತ್ತದೆ, ಲೈಮ್ ಕಾಯಿಲೆ ಹರಡುತ್ತದೆ. ಮಂಗನ ಕಾಯಿಲೆಯ ಸುದ್ದಿ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಉಣ್ಣಿ ಅಂದರೆ ಏನು ಎಂದು ವಿವರಿಸಬೇಕಾಗಿಲ್ಲ. ಕಾಲು ಮುಚ್ಚುವ ಬಟ್ಟೆ ಹಾಕಿ, ರಾತ್ರಿ ಸ್ನಾನಕ್ಕೆ ಹೋದಾಗ ಮೈ ಕೈ ನೋಡಿಕೊಳ್ಳಿ.

ಕಾಡಿನ ದಾರಿ ಒಂದು ಕಡೆ ನೇರ ಆಗುತ್ತದೆ. ಎರಡು ಬದಿಯ ಮರಗಳ ನಡುವೆ ದೂರದಲ್ಲಿ ಗೋಪುರಗಳು ಕಾಣುತ್ತವೆ. ಕಾರಿನಲ್ಲಿ ಬಂದವರು ಪಾರ್ಕಿಂಗಿಗೆ ದುಡ್ಡು ಕೊಟ್ಟು, ಅಂಗಡಿ ಸಾಲು ದಾಟಿ ಅರಮನೆಗೆ ಬರುತ್ತಾರೆ. ನಾವು ಸೀದಾ ಹತ್ತಿರವೇ ಬಂದು ಬೀಗ ಹಾಕಿದೆವು. ಒಳಗಿನ ಟಿಕೆಟ್ ಕಡಿಮೆ ಏನಿಲ್ಲ, ಆದರೂ ಹೋಗಿ, ಮುಖ್ಯವಾಗಿ ಮೆಟ್ಟಿಲಿಗೋಸ್ಕರ. ಕಟ್ಟಡದ ನಟ್ಟ ನಡುವೆ ಎರಡು ಸುರುಳಿ ಮೆಟ್ಟಿಲುಗಳು ಒಂದರೊಳಗೆ ಒಂದು ಹೆಣೆದುಕೊಂಡು ಮೇಲಕ್ಕೆ ಹೋಗುತ್ತವೆ. ಒಂದರಲ್ಲಿ ಹತ್ತುವವರಿಗೆ ಇನ್ನೊಂದರಲ್ಲಿ ಹತ್ತುವವರು ಎದುರಾಗುವುದೇ ಇಲ್ಲ. ನಾನು ಒಂದರಲ್ಲಿ, ಅವರು ಇನ್ನೊಂದರಲ್ಲಿ ಹೊರಟೆವು. ನಡುವಿನ ಟೊಳ್ಳು ಕಂಬದಲ್ಲಿ ಕಿಟಕಿಗಳಿವೆ. ಅದರಲ್ಲಿ ಒಂದು ಸಲ ಅವರ ಹೆಲ್ಮೆಟ್, ಇನ್ನೊಂದು ಸಲ ಅವರ ನೀರಿನ ಬಾಟಲಿ ಕಂಡಿತು. ಮೇಲೆ ಹೋದ ಮೇಲೆಯೇ ಪೂರ್ತಿ ಮನುಷ್ಯ ಸಿಕ್ಕಿದ್ದು. ಇದರ ಹಿಂದೆ ಲಿಯೊನಾರ್ಡೊ ಡ ವಿಂಚಿಯ ಯೋಚನೆ ಇದೆ ಎನ್ನುತ್ತಾರೆ. ದಾಖಲೆ ಸಿಕ್ಕಿಲ್ಲ. ಅವರು ತೀರಿಕೊಂಡದ್ದು ಇದೇ ನದಿಯ ದಂಡೆಯ ಆಂಬ್ವಾಜ್ ಊರಿನಲ್ಲಿ, 1519ರ ಮೇ ತಿಂಗಳಲ್ಲಿ.

ಇಷ್ಟೆಲ್ಲ ಕಟ್ಟಿಸಿದ ರಾಜ ಒಂದನೇ ಫ್ರಾನ್ಸ್ವಾ ತನ್ನ ಜೀವಮಾನದಲ್ಲಿ ಇಲ್ಲಿ ಉಳಿದದ್ದು ಎಲ್ಲ ಸೇರಿಸಿದರೂ ಕೆಲವೇ ವಾರ. ಚಾವಣಿಯಲ್ಲಿ ಮಾತ್ರ ಎಲ್ಲ ಕಡೆ ಅವನ ಗುರುತು: ಬೆಂಕಿಯಲ್ಲೂ ಸಾಯುವುದಿಲ್ಲ ಎಂದು ಆಗ ನಂಬಿದ್ದ ಸಾಲಮ್ಯಾಂಡರ್ ಎನ್ನುವ ಪ್ರಾಣಿ. ನೋಡಲು ನಮ್ಮ ಗೋಡೆಯ ಹಲ್ಲಿಯೇ. 1939ರಲ್ಲಿ ಯುದ್ಧ ಬಂದಾಗ ಲೂವ್ರ್ ಮ್ಯೂಸಿಯಂನ ಚಿತ್ರಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಇಲ್ಲಿಗೆ ಸಾಗಿಸಿದ್ದರು, ಮೋನಾಲಿಸಾಳನ್ನೂ. ಕಟ್ಟಿಸಿದವನೇ ಹೆಚ್ಚು ವಾಸ ಮಾಡದ ಮನೆ ಕೊನೆಗೆ ಉಗ್ರಾಣವಾಗಿ ಉಪಯೋಗಕ್ಕೆ ಬಂತು.

ಊಟದ ವಿಷಯ. ಇಲ್ಲಿ ಜಾಗ್ರತೆ ಬೇಕು. ಹಳ್ಳಿ ಕಡೆ ಹೋಟೆಲಿನವರು ಮಧ್ಯಾಹ್ನ 12ರಿಂದ 2ರವರೆಗೆ ಅಡುಗೆ ಕೊಡುತ್ತಾರೆ. ಎರಡೂಕಾಲಿಗೆ ಹೋದರೆ ಕುರ್ಚಿ ಇದೆ, ಊಟ ಇಲ್ಲ. ಎಷ್ಟು ಹೊತ್ತಿಗೆ ಹೋದರೂ ಒಂದು ಮಸಾಲೆ ದೋಸೆಯಾದರೂ ಸಿಗುವ ಊರಿನಿಂದ ಹೋದವರಿಗೆ ಇದು ಅರ್ಥವೇ ಆಗುವುದಿಲ್ಲ. ಭಾನುವಾರ ಮಧ್ಯಾಹ್ನದ ನಂತರ ಅಂಗಡಿಯೂ ಮುಚ್ಚಿರುತ್ತದೆ. ಬೇಕರಿಗಳಿಗೂ ವಾರಕ್ಕೊಂದು ರಜೆ. ಶುದ್ಧ ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ, ಖಾಕ್ರಾ ಇಟ್ಟುಕೊಳ್ಳಿ. ಚೀಸ್ ತಿನ್ನಬಹುದು ಅಂತ ಅಂದುಕೊಳ್ಳಬೇಡಿ, ಅಲ್ಲಿನ ಸಾಂಪ್ರದಾಯಿಕ ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ಹೆಪ್ಪು ಬಳಸುವುದೇ ಹೆಚ್ಚು. ನಾನು ಬ್ರೆಡ್ಡು, ಬೆಣ್ಣೆ, ಟೊಮೆಟೊ, ಹಣ್ಣಿನಲ್ಲೇ ಕಳೆದೆ. ಒಂದು ತಿಂಡಿ ಮಾತ್ರ ಬಿಡಬೇಡಿ: ಸೇಬನ್ನು ಸಕ್ಕರೆ ಬೆಣ್ಣೆಯಲ್ಲಿ ಕಂದು ಬಣ್ಣ ಬರುವ ತನಕ ಬೇಯಿಸಿ, ಮೇಲೆ ಹಿಟ್ಟಿನ ಹಾಳೆ ಮುಚ್ಚಿ, ಬೆಂದ ಮೇಲೆ ಮಗುಚಿ ಕೊಡುತ್ತಾರೆ. ತಾರ್ತ್ ತಾತ್ಯಾಂ ಅಂತ. ಶಾಂಬೋರ್ ಇರುವ ಇದೇ ಸೊಲೋನ್ಯ ಎನ್ನುವ ಕಾಡಿನ ಸೀಮೆಯ ತಿಂಡಿ.

ನೀರಿನದ್ದು ಒಂದು ತಮಾಷೆ. ಬಾಟಲಿ ಖಾಲಿ, ಅಂಗಡಿ ಇಲ್ಲ. ಎದುರು ಬಂದ ಸೈಕಲ್ ಮುದುಕ ಒಬ್ಬರು ಕೈ ಸನ್ನೆ ಮಾಡಿ ಒಂದು ಗೇಟು ತೋರಿಸಿದರು. ನೋಡಿದರೆ ಸ್ಮಶಾನ! ಫ್ರಾನ್ಸ್‌ನ ಹಳ್ಳಿಗಳಲ್ಲಿ ಸ್ಮಶಾನದಲ್ಲಿ ನಲ್ಲಿ ಇರುತ್ತದೆ, ಸಮಾಧಿಯ ಮೇಲಿನ ಹೂಕುಂಡಗಳಿಗೆ ಹಾಕುವುದಕ್ಕೆ. ಸೈಕಲಿನವರೆಲ್ಲ ಅಲ್ಲೇ ತುಂಬಿಸಿಕೊಳ್ಳುವುದು. ಗೇಟಿನ ಪಕ್ಕ ಕೊಕ್ಕೆಯಲ್ಲಿ ಹಸಿರು ಪ್ಲಾಸ್ಟಿಕ್ ಝಾರಿಗಳು ಸಾಲಾಗಿ ನೇತಾಡುತ್ತಿದ್ದವು. "ಇಲ್ಲಿಗೆ ಹೋಗಿ ಬಂದರೆ ಸ್ನಾನ ಮಾಡಬೇಕಲ್ವಾ" ಎಂದೆ. "ನೀರಿಗೆ ಹೋಗಿ ಬಂದು ಸ್ನಾನಕ್ಕೆ ನೀರು ಹುಡುಕುವುದಾ" ಎಂದು ನಮ್ಮನೆಯವರು ಒಳಗೆ ಹೋಗಿ ತುಂಬಿಸಿಕೊಂಡು ಬಂದರು. ತಣ್ಣಗಿತ್ತು. ಕುಡಿದೆ. ಕೆಲವು ನಲ್ಲಿಯ ಮೇಲೆ ಕುಡಿಯಲು ಅಲ್ಲ ಎಂದು ಬರೆದಿರುತ್ತದೆ, ಅದನ್ನು ಮಾತ್ರ ನೋಡಿಕೊಳ್ಳಿ.

ಶಾಂಬೋರ್‌ನಿಂದ ಮುಂದೆ ಬ್ರಾಸ್ಯು. ಮರದ ಕಂಬದ ಮೇಲೆ ನಿಂತ 16ನೇ ಶತಮಾನದ ಸಂತೆ ಚಾವಡಿ ಇದೆ, ಹತ್ತು ನಿಮಿಷ ಸಾಕು. ಆಮೇಲೆ ಹೊಲ, ದ್ರಾಕ್ಷಿ ತೋಟ, ಮತ್ತೆ ಕಾಡು, ಶವೆರ್ನಿ ಅರಮನೆ. ಇದು ಖಾಸಗಿ, ಮನೆಯವರು ಈಗಲೂ ಅಲ್ಲೇ ಇದ್ದಾರೆ. ಒಳಗಿನ ಕುರ್ಚಿ ಮೇಜು ಪರದೆ ಎಲ್ಲ ಚೆಂದ. ನೂರರಷ್ಟು ಬೇಟೆ ನಾಯಿಗಳನ್ನು ಸಾಕಿದ್ದಾರೆ, ಅದರ ವಾಸನೆ ಅರಮನೆಗಿಂತ ಮೊದಲು ಸಿಗುತ್ತದೆ. ನನಗೆ ಶವೆರ್ನಿ ಅಷ್ಟು ಹಿಡಿಸಲಿಲ್ಲ. ಟೈಮ್ ಇಲ್ಲದವರು ಬಿಡಬಹುದು.

ಪ್ಯಾಕೇಜಿನವರು ಏನು ಕೊಡುತ್ತಾರೆ ಎಂದು ಮಗಳ ಹತ್ತಿರ ತೆಗೆಸಿ ನೋಡಿದ್ದೆ. ಹೋಟೆಲ್ ಬುಕಿಂಗ್, ನಕ್ಷೆ, ಬ್ಯಾಗನ್ನು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಸಾಗಿಸುವುದು. ಈ ಕೊನೆಯದು ವಾರಗಟ್ಟಲೆ ಹೋಗುವವರಿಗೆ ಉಪಯೋಗ. ನಮ್ಮ ಹಾಗೆ ಬ್ಯಾಗನ್ನು ಪ್ಯಾರಿಸ್‌ನಲ್ಲೇ ಬಿಟ್ಟು ಒಂದು ಜೊತೆ ಬಟ್ಟೆ ಹಿಡಿದುಕೊಂಡು ಹೋಗುವವರಿಗೆ ದಂಡ. ಉಳಿಯುವ ಜಾಗ ಹುಡುಕುವಾಗ 'ಅಕೈ ವೇಲೋ' ಗುರುತು ಇದೆಯಾ ನೋಡಿ. ಸೈಕಲಿನವರಿಗೆ ಬೀಗ ಹಾಕುವ ಕೋಣೆ, ರಿಪೇರಿ ಸಾಮಾನು ಇಟ್ಟವರಿಗೆ ಕೊಡುವ ಗುರುತು ಅದು. ನಾವು ಉಳಿದ ಮನೆಯ ಅಜ್ಜಿ ಬ್ಯಾಟರಿ ಚಾರ್ಜಿಗೆ ಹಾಕಲು ಅಡುಗೆಮನೆಯ ಪ್ಲಗ್ಗನ್ನೇ ಬಿಟ್ಟುಕೊಟ್ಟರು, ಕಾಫಿ ಮಷಿನ್ ಕಿತ್ತು.

ವಾಪಸ್ ಬಂದ ಮೇಲೆ ನನಗೆ ಹೊಟ್ಟೆ ಉರಿದದ್ದು ಅರಮನೆಗಲ್ಲ. ಕಾರ್ಕಳದಲ್ಲಿ 1432ರ ಗೊಮ್ಮಟ ಇದ್ದಾನೆ. ಎದುರು ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಶಾಂಬೋರ್ ಮೆಟ್ಟಿಲು ನೋಡಿ ಬಾಯಿ ಬಿಟ್ಟ ನಮ್ಮನೆಯವರು ಇಲ್ಲಿಗೆ ಹೋಗದೆ ಎಷ್ಟು ವರ್ಷ ಆಗಿತ್ತು! ಅಲ್ಲಿಂದ ವರಂಗದ ಕೆರೆ ಬಸದಿ, ದೋಣಿಯಲ್ಲಿ ಹೋಗಬೇಕು. ಅಲ್ಲಿಂದ ಹೆಬ್ರಿ, ಸೋಮೇಶ್ವರದ ಕಾಡು. ಚರಿತ್ರೆಯೂ ಇದೆ, ಕಾಡೂ ಇದೆ, ಒಳರಸ್ತೆಗಳೂ ಇವೆ. ನಾವು ಈ ಸಲ ಬಾರ್ಕೂರಿಗೆ ಸೈಕಲಿನಲ್ಲಿ ಹೋದೆವು. ದಾರಿ ಕೇಳಿದ ಪ್ರತಿಯೊಬ್ಬರೂ ಹೆದ್ದಾರಿಗೇ ಕಳಿಸಿದರು. ಒಳದಾರಿ ಗೊತ್ತಿದ್ದದ್ದು ಹಾಲಿನ ಡೈರಿಯ ಎದುರು ಕ್ಯಾನ್ ಹಿಡಿದು ನಿಂತಿದ್ದ ಒಬ್ಬ ಹೆಂಗಸಿಗೆ ಮಾತ್ರ. ಕವಲುಗಳಲ್ಲಿ ಹಸಿರು ಅಕ್ಷರದ ಹಲಗೆ ನೆಡಲು ಅರಮನೆ ಕಟ್ಟಿದಷ್ಟು ಖರ್ಚಿಲ್ಲ ಅಲ್ವಾ.

ಕೊನೆಗೆ ಹೋಗುವವರಿಗೆ ಒಂದೆರಡು. ಮೇ, ಜೂನ್ ಒಳ್ಳೆಯದು, ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಶಾಂಬೋರ್ ಕಾಡಿನಲ್ಲಿ ಗಂಡು ಜಿಂಕೆಗಳು ಬೆದೆಗೆ ಬಂದು ಕೂಗುವ ಕಾಲ, ಅದನ್ನು ಕೇಳಲೆಂದೇ ಜನ ಬರುತ್ತಾರೆ, ರೂಮು ಮೊದಲೇ ಹಿಡಿಯಿರಿ. ಸೈಕಲನ್ನು ರೈಲಿಗೆ ಹತ್ತಿಸಬಹುದು. ಬೇಸಿಗೆಯಲ್ಲಿ ಲ್ವಾರ್ ಉದ್ದಕ್ಕೆ ಸೈಕಲಿಗೆಂದೇ ಜಾಸ್ತಿ ಜಾಗ ಇರುವ ರೈಲೂ ಇದೆ. ಕೆಲವು ರೈಲಿಗೆ ಸೈಕಲಿಗೂ ರಿಸರ್ವೇಶನ್ ಬೇಕು, ಮಕ್ಕಳಿಗೆ ಹೇಳಿ ನೋಡಿಸಿ. ವೀಸಾಕ್ಕೆ ಮಾಡಿಸುವ 30,000 ಯೂರೋ ವಿಮೆಯಲ್ಲಿ ಸೈಕಲಿನಿಂದ ಬಿದ್ದರೆ ಖರ್ಚು ಕೊಡುತ್ತಾರಾ ಎಂದು ಏಜೆಂಟರ ಹತ್ತಿರ ಬಾಯಿ ಬಿಟ್ಟು ಕೇಳಿ, ಅವರಾಗಿ ಹೇಳುವುದಿಲ್ಲ.

ನನ್ನ ಮಾರ್ಕು: ದಾರಿಗೆ ಐದಕ್ಕೆ ಐದು. ಬಾಡಿಗೆ ಅಂಗಡಿಗೆ ಮೂರೂವರೆ, ಡಿಪಾಸಿಟ್ ಬೇಗ ಬಿಟ್ಟಿದ್ದರೆ ನಾಲ್ಕು ಕೊಡುತ್ತಿದ್ದೆ. ಬ್ಯಾಟರಿ ಸೈಕಲಿಗೆ ನಮ್ಮನೆಯವರು ಐದು ಎನ್ನುತ್ತಾರೆ. ಸೀಟಿಗೆ ಇಬ್ಬರದ್ದೂ ಸೊನ್ನೆ.